ಹಗೇದ ಎಂಬ ಹೆಸರಿನ ಬೆನ್ನು ಹತ್ತಿ

ಹಗೇವಿನ ಚಪ್ಪಡಿ ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಗಟ್ಟಿ ನೆಲದಲ್ಲಿ ಬಾವಿಯಂತೆ ತೋಡಿ, ಸುತ್ತ ಜೋಳದ ಒಣ ದಂಟಿನ ಕಣಿಕೆ ಕೊಟ್ಟು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದ ಕಣಜ ಅದು. ಮುಚ್ಚಿಟ್ಟ ಜೋಳದಿಂದ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದವನನ್ನು ಹಗ್ಗ ಹಾಕಿ ಎಳೆಯಬೇಕಾಗುತ್ತದೆ. ಎಳೆದ ಮೇಲೆ ಅವನು ಮಾತಾಡುವುದಿಲ್ಲ.

ನಾನು ಹಗೇವು ತೆರೆಯುವುದನ್ನು ಮೊದಲು ನೋಡಿದ್ದು ಇಲಕಲ್ಲಿನಲ್ಲಿ. ಪ್ಲೇಗು ತಗ್ಗಿ, ಜನ ಹೊಲದ ಗುಡಿಸಲು ಬಿಟ್ಟು ಊರೊಳಗಿನ ಮನೆಗಳಿಗೆ ಮರಳಿದ್ದ ಕಾಲ. ನಾನು ಹೊಲ ಅಳೆಯುವ ಮೋಜಣಿ ಖಾತೆಯಲ್ಲಿದ್ದೆ. ಹೊಲದ ಮಣ್ಣಿನ ತರ ಗೊತ್ತು ಮಾಡುವುದು ನನ್ನ ಕೆಲಸ: ಹಾರೆ ಊರಿ ಮಣ್ಣು ಎಷ್ಟು ಆಳ ಇದೆ ಎಂದು ನೋಡುವುದು, ಕರಿ ಎರೆಯೋ ಕೆಂಪು ಮಸಾರಿಯೋ ಗಟ್ಟಿ ಗರಸೋ ಎಂದು ಬರೆಯುವುದು, ಸುಣ್ಣಕಲ್ಲು ಬೆರೆತಿದ್ದರೆ ಅಥವಾ ನೀರು ನಿಲ್ಲುತ್ತಿದ್ದರೆ ಒಂದು ತರ ಕೆಳಗಿಳಿಸುವುದು. ಬಿಡಾರ ಒಬ್ಬ ಕಾಳಿನ ವ್ಯಾಪಾರಿಯ ಮನೆಯ ಪಡಸಾಲೆಯಲ್ಲಿ. ಬಸವಣ್ಣನ ಭಕ್ತರ ಮನೆತನ. ಅಡ್ಡಹೆಸರು ಹಗೇದ. ಊರಿನಲ್ಲಿ ಆ ಹೆಸರಿನ ಮನೆ ಅದೊಂದೇ. ಊರಿನ ಯಾರ ಹಗೇವು ತೆರೆಯುವುದಿದ್ದರೂ ಈ ಮನೆಯ ಯಜಮಾನರೇ ಬರಬೇಕು. ಅವರು ಒಂದು ಸಣ್ಣ ಗಡಿಗೆಯಲ್ಲಿ ಹಣತೆ ಇಟ್ಟು ಹಗ್ಗದಿಂದ ಒಳಗೆ ಇಳಿಸಿದರು. ಆರಿತು. ಮೇಲೆ ಎಳೆದು, ಎಲೆ ಅಡಿಕೆ ಹಾಕಿಕೊಂಡು ಕೂತರು. ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಆರಿತು. ದೀಪ ಆರದೆ ನಿಂತಾಗ ಮಾತ್ರ ಧೋತರ ಎತ್ತಿ ಕಟ್ಟಿ ತಾವೇ ಮೊದಲು ಇಳಿದರು.

ಆ ಮನೆಯ ಮಗಳಿಗೆ ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ ವರ ಗೊತ್ತಾಗಿತ್ತು. ಪ್ಲೇಗಿನ ವರ್ಷಗಳಲ್ಲಿ ಮದುವೆಗಳೆಲ್ಲ ಮುಂದಕ್ಕೆ ಹೋಗಿ ಹುಡುಗಿ ದೊಡ್ಡವಳಾಗಿದ್ದಳು. ವರನ ಮನೆಯವರ ಅಡ್ಡಹೆಸರೂ ಹಗೇದ. ಆದರೆ ಇಬ್ಬರಿಗೂ ತಮ್ಮ ನಡುವೆ ಹಿಂದೆ ಸಂಬಂಧವಿದ್ದ ನೆನಪಿರಲಿಲ್ಲ. ಮದುವೆಗೆ ಮೊದಲು ನೋಡುವ ಕುಲದ ಬೆಡಗು ಕೇಳಿದರೆ ಎರಡೂ ಕಡೆ ತಡವರಿಸಿದರು. ನಿಶ್ಚಯದ ಸಕ್ಕರೆ ಹಂಚಿದ್ದಾಯಿತು.

ಆಮೇಲೆ ಹೆಳವ ಬಂದ. ಸುಗ್ಗಿಯಲ್ಲಿ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಮನೆಮನೆಯ ಮುಂದೆ ಅವರವರ ಹಿರೀಕರ ಹೆಸರುಗಳನ್ನು ಹಾಡಿ ಹೇಳುವವನು ಹೆಳವ. ಅಂಗಳದಲ್ಲಿ ನಿಂತು ಹಾಡಿದ: ಒಬ್ಬ ಮೂಲಪುರುಷ, ಅವನು ದೇಸಾಯರ ಹಗೇವಿಗೆ ಇಳಿದು ಹೆಸರು ಪಡೆದ, ಅವನಿಗೆ ಇಬ್ಬರು ಮಕ್ಕಳು, ಒಂದು ಬಿಳಿ ಹೋರಿಗಾಗಿ ಜಗಳ, ಹಿರಿಯವನು ಇಲಕಲ್ಲಿಗೆ, ಕಿರಿಯವನು ಹೊಳೆ ಹಿಡಿದು ಚೊಳಚಗುಡ್ಡಕ್ಕೆ.

ಒಂದೇ ಮನೆ. ಅಂದರೆ ವರ, ವಧು ದಾಯಾದಿಗಳು.

ಯಜಮಾನರ ತಾಯಿ ಒಳಗಿನಿಂದಲೇ ಕೂಗಿದರು: “ಅಯ್ಯ ಶಿವನ! ಅಣ್ಣತಂಗಿಗೆ ಲಗ್ನ ಮಾಡಾಕ ಹೊಂಟಿದ್ವೇನೋ ನಾವು!”

ಹುಡುಗಿ ನಡುಮನೆಯ ಬಾಗಿಲಿಗೆ ಬಂದು ನಿಂತಳು. “ನಿನ್ನಿ ತನಕ ‘ಅವರು’ ಅಂತ ಹೇಳಕೊಟ್ರಿ. ಇವತ್ತ ‘ಅಣ್ಣಾ’ ಅನ್ನು ಅಂದ್ರ ಹೆಂಗ ಅನ್ನಲಿ, ಅಜ್ಜೀ? ನಾಲಿಗಿ ಏನ ಎತ್ತೇನು, ಮೂಗುದಾಣ ಎಳದ ಕಡೆ ಹೊಳ್ಳಾಕ?”

“ಸುಮ್ಕಿರ, ಹುಡಿಗಿ. ಸಾಹೇಬ್ರು ಕುಂತಾರ.”

“ಕುಂದರ್ಲಿ. ಇಷ್ಟ ದಿನ ನಮ್ಮನ್ಯಾಗ ಉಂಡಾರ, ಇದನ್ನೂ ಕೇಳಲಿ.”

ಕೇಳಿದೆ. ಆ ಸಂಜೆ ಯಜಮಾನರು ನನ್ನ ಹತ್ತಿರ ಬಂದು ಕೂತರು. “ಸಾಹೇಬ್ರ, ನೀವು ಊರೂರು ತಿರುಗವ್ರು. ನಮ್ಮ ಹೆಸರಿನವ್ರು ಎಲ್ಲೆಲ್ಲಿ ಅದಾರ, ಎಲ್ಲಿಂದ ಬಂದ್ರು, ನೋಡಿ ಬರ್ರಿ. ಯುಗಾದಿಗಿಂತ ಮೊದಲ ನಮ್ಮ ಹಗೇವು ತಗೀತೇವಿ. ಆವತ್ತ ಹಿರ್ಯಾರು ಕುಂದರ್ತಾರ. ಅಷ್ಟರಾಗ ಬ್ಯಾರೆ ಏನೂ ತಿಳೀಲಿಲ್ಲಂದ್ರ ಸಕ್ಕರಿ ತಿರುಗಿ ಕಳಸೋದ. ಮುಂದ ಆಕಿನ್ನ ಯಾರ ಕೇಳತಾರ?”

ನನಗೆ ಹಾಡಿನ ಮೇಲೆ ಮೊದಲೇ ಅನುಮಾನ ಹುಟ್ಟಿತ್ತು. ಹೆಳವನ ಮೇಲಲ್ಲ, ಆ ಬಿಳಿ ಹೋರಿಯ ಮೇಲೆ. ನೆನಪು ಅಷ್ಟು ಚೊಕ್ಕವಾಗಿ ಬರುವುದಿಲ್ಲ. ನಿಜವಾಗಿ ನಡೆದದ್ದರಲ್ಲಿ ಯಾವುದಕ್ಕೂ ಹೊಂದದ ಒಂದು ತುಂಡು ಯಾವಾಗಲೂ ಉಳಿದಿರುತ್ತದೆ. ಈ ಕತೆಯಲ್ಲಿ ಉಳಿದದ್ದು ಏನೂ ಇರಲಿಲ್ಲ.

ನಾನು ಕೆಲಸಕ್ಕೆ ಎರಡು ನಿಯಮ ಹಾಕಿಕೊಂಡೆ. ಹಗೇದ ಎಂಬ ಹೆಸರನ್ನು ನಾನು ಮೊದಲು ಎತ್ತಬಾರದು. ಇಬ್ಬರು ಒಂದೇ ಮಾತು ಹೇಳಿದರೆ, ಯಾರಿಂದ ಕೇಳಿದರು ಎಂದು ಇಬ್ಬರನ್ನೂ ಕೇಳಬೇಕು. ಹೊಲದಲ್ಲಿ ಹಾರೆ ಊರುವಾಗ ಊರಿನವರು ಹೇಗೂ ಸುತ್ತ ನಿಲ್ಲುತ್ತಾರೆ. ಮಣ್ಣಿನ ಮಾತು ತೆಗೆದು, ಇಲ್ಲಿ ಹಗೇವು ಇವೆಯೇ, ಯಾರು ತೆರೆಯುತ್ತಾರೆ, ಅವರ ಮನೆತನ ಯಾವುದು, ಹೀಗೆ ಕೇಳುತ್ತ ಹೋದೆ. ಹುನಗುಂದದ ಸುತ್ತಲಿನ ಎರೆಯ ಊರುಗಳಲ್ಲಿ ಜನ ನಕ್ಕರು. “ಎರೀ ಒಳಗ ಹಗೇವು ಹೊಡದ್ರ ಮಳಿಗಾಲಕ್ಕ ಜ್ವಾಳಾ ಮೊಳಕಿ ಒಡೀತಾವ್ರಿ ಸಾಹೇಬ್ರ. ನೀವು ಮಣ್ಣ ನೋಡವ್ರೇನ ಖರೇ?” ಅಲ್ಲಿ ಹಗೇವೂ ಇಲ್ಲ, ಹಗೇದವರೂ ಇಲ್ಲ.

ಅಲ್ಲಿಂದ ಮುಂದೆ ಗರಸು ನೆಲದ ಒಂದು ದಿನ್ನೆಯ ಊರು. ಹಗೇವು ತೆರೆಯುವವರು ಯಾರೆಂದು ಕೇಳಿದ್ದಕ್ಕೆ ಮಸೀದಿಯ ಹಿಂದಿನ ಮನೆ ತೋರಿಸಿದರು. ಹೊರಗೆ ಕೂತು ಹಗ್ಗ ಹೊಸೆಯುತ್ತಿದ್ದ ಮುಸಲ್ಮಾನ ಹಿರಿಯರನ್ನು ಮನೆತನ ಕೇಳಿದೆ.

“ಹಗೇದ,” ಎಂದರು. “ಯಾಕ್ರಿ, ಕರ ಹಾಕಾಕ ಬಂದೀರೇನು?”

ಎಲ್ಲಿಂದ ಬಂದವರು ಎಂದು ಕೇಳಿದೆ.

“ಎಲ್ಲಿಂದನೂ ಬಂದಿಲ್ರಿ. ಇಲ್ಲೇ ಇದ್ದೇವಿ. ಮೊದಲ ಈ ಕೆಲಸ ಬ್ಯಾರೇವ್ರ ಮನ್ಯಾಗ ಇತ್ತಂತ. ಅವರ ಮನ್ಯಾಗ ಗಂಡಸ್ರು ಉಳೀಲಿಲ್ಲ. ನಮ್ಮ ಮುತ್ಯಾ ಹಗ್ಗಾ ಹೊಸಿತಿದ್ದ, ಹಗ್ಗಾ ಹಿಡೀತಿದ್ದ. ಒಂದ ದಿನ ಇಳದ. ಇಳದವ್ನ ಹೆಸರು ಹಗೇದ ಆತು. ಅದಕ್ಕೂ ಮೊದಲ ನಮಗ ಏನಂತಿದ್ರೋ ಖುದಾಗ ಗೊತ್ತು.”

“ಇಬ್ಬರು ಅಣ್ಣತಮ್ಮಂದಿರ ಕತೆ ಏನಾದರೂ...”

“ನಮ್ಮ ಮನೀಗಿ ಹೆಳವಾ ಬರಂಗಿಲ್ರಿ,” ಎಂದು ನಕ್ಕರು. “ಬಂದಿದ್ರ ನಮಗೂ ಇಬ್ರು ಅಣ್ಣತಮ್ಮರು ಇರ್ತಿದ್ರು.”

ಈ ಮನೆಯ ಕತೆ ಚೊಕ್ಕವಾಗಿರಲಿಲ್ಲ. ಗಂಡಸರು ಉಳಿಯದ ಮನೆ, ಹಗ್ಗ ಹಿಡಿದವನು ಇಳಿದದ್ದು, ಹಳೆಯ ಹೆಸರು ಕಳೆದುಹೋದದ್ದು, ಯಾವುದರಲ್ಲೂ ಮನೆತನಕ್ಕೆ ಹೆಚ್ಚಳವಿಲ್ಲ. ಅದಕ್ಕೇ ನಂಬಿದೆ.

ಬಾಗಲಕೋಟೆಯ ಕಚೇರಿಗೆ ಹೋದಾಗ ತಾಲೂಕುಗಳ ನಕಾಶೆ ಹಾಸಿ, ಹಗೇದವರು ಸಿಕ್ಕ ಊರಿನ ಮೇಲೆಲ್ಲ ಗೋಂದಿನಿಂದ ಒಂದೊಂದು ಜೋಳದ ಕಾಳು ಅಂಟಿಸಿದೆ. ಪಕ್ಕದ ಕಾರಕೂನ ಬಗ್ಗಿ ನೋಡಿದ. “ಏನ್ರಿ, ನಕಾಶಿ ಮ್ಯಾಲ ಬಿತ್ತಿಗಿ ಹಿಡದೀರಿ? ಮಳಿ ಯಾವಾಗಂತ?”

ನಾನು ಕಾಳುಗಳ ಕಡೆ ನೋಡುತ್ತಿದ್ದೆ. ಬಂಡಿದಾರಿ ಹಿಡಿದು ಒಂದೂ ಇಲ್ಲ. ಒಳ್ಳೆಯ ಎರೆ ಹೊಲಗಳ ದೊಡ್ಡ ಊರುಗಳಲ್ಲಿ ಒಂದೂ ಇಲ್ಲ. ದೂರ ದೂರ ಬಿದ್ದ ಕಾಳುಗಳೆಲ್ಲ ನಾನೇ ಹಾರೆ ಊರಿ ಗರಸು ಎಂದು ಬರೆದಿದ್ದ ಊರುಗಳ ಮೇಲೆ. ಒಂದು ಮನೆತನ ಒಡೆದು ಹರಡಿದರೆ ದಾರಿ ಹಿಡಿದು ಹೋಗುತ್ತದೆ, ಒಳ್ಳೆಯ ನೆಲ ನೋಡಿ ಇಳಿಯುತ್ತದೆ. ಗಟ್ಟಿ ನೆಲವನ್ನೇ ಹುಡುಕಿಕೊಂಡು ಹೋಗುವ ದಾಯಾದಿಗಳು ಎಲ್ಲಿದ್ದಾರೆ? ಈ ಹೆಸರು ನಡೆದು ಹೋದದ್ದಲ್ಲ. ಹಗೇವು ತೋಡಲು ಬರುವ ನೆಲದಲ್ಲೆಲ್ಲ ತಾನಾಗಿ ಹುಟ್ಟಿದ್ದು. ನನಗೆ ಖಾತ್ರಿಯಾಯಿತು. ನೇರ ಚೊಳಚಗುಡ್ಡಕ್ಕೆ ಹೋಗಿ ಕೊನೆಯ ಕಾಳು ಅಂಟಿಸಿದರೆ ಕೆಲಸ ಮುಗಿಯಿತು ಎಂದುಕೊಂಡೆ.

ಚೊಳಚಗುಡ್ಡದಲ್ಲಿ ವರನ ಮನೆ ತೋಟದ ಅಂಚಿಗೆ. ಸುತ್ತ ತೆಂಗು, ಬಾಳೆ, ಎಲೆಬಳ್ಳಿ. ಹಿತ್ತಲಲ್ಲಿ ಹಾರೆ ಊರಿದೆ. ಹಿಡಿಯವರೆಗೂ ಇಳಿಯಿತು, ಎಳೆದಾಗ ತುದಿಗೆ ಹಸಿ ಮಣ್ಣು. ಅಲ್ಲಿ ಹಗೇವು ತೋಡಿದರೆ ನೀರು ಬರುತ್ತದೆ.

ಮೊದಲ ಸಲ ಇದನ್ನು ಬರೆದಾಗ, ಆ ಹೊತ್ತಿಗೆ ಮೋಡ ಕವಿಯಿತು ಎಂದು ಬರೆದಿದ್ದೆ. ಸುಳ್ಳು. ಬಿಸಿಲು ಚೆನ್ನಾಗಿತ್ತು, ವರನ ತಂದೆ ನನ್ನ ಕೈಗೆ ಎಳನೀರು ಕೊಟ್ಟರು. ಸೋಲಿಗೆ ಮೋಡ ಹೊಂದುತ್ತದೆ ಎಂದು ನನ್ನ ಕೈಯೂ ಹೆಳವನ ಕೆಲಸ ಮಾಡಿತ್ತು.

ಹಗೇವು ಇಲ್ಲದ ನೆಲದಲ್ಲಿ ಹಗೇದವರು ಇದ್ದರೆ ಅವರು ಬೇರೆ ಕಡೆಯಿಂದ ಬಂದವರೇ. ಎಲ್ಲಿಂದ?

“ಅಜ್ಜನ ಕಾಲಕ್ಕ ಬಂದೇವಂತ,” ಎಂದರು ವರನ ತಂದೆ. “ಅಣ್ಣ ಇಲಕಲ್ಲಿಗಿ, ತಮ್ಮ ಇಲ್ಲಿಗಿ. ಬಿಳಿ ಹೋರಿ ಸಲುವಾಗಿ ಜಗಳ ಆಗಿ.”

“ಇದನ್ನು ಯಾರು ಹೇಳಿದರು?”

“ಮೊನ್ನೆ ಹೆಳವಾ ಬಂದು ಹೇಳಿದ್ನಲ್ರಿ.”

ಇಲಕಲ್ಲಿಗೆ ಬಂದಿದ್ದ ಹೆಳವನೇ. ಹಾಗಾಗಿ ಎರಡು ಮನೆಯ ಮಾತು ಎರಡು ಸಾಕ್ಷಿಯಲ್ಲ, ಒಂದೇ. ಆದರೆ ನನ್ನ ಕಾಳುಗಳೂ ಈ ಮನೆಯ ವಿಷಯದಲ್ಲಿ ಏನೂ ಹೇಳುತ್ತಿರಲಿಲ್ಲ. ಬೇರೆ ಎಲ್ಲ ಊರುಗಳಲ್ಲಿ ನಾನು ಗೆದ್ದಿದ್ದೆ. ಮದುವೆಯ ತೀರ್ಪು ಮಾತ್ರ ಈ ಊರಿನ ಮೇಲೆ ನಿಂತಿತ್ತು.

ಊಟಕ್ಕೆ ಏಳಿಸಿದರು. ವರನ ತಾಯಿ ರೊಟ್ಟಿಗೆ ಜೋಳ ತೆಗೆಯಲು ವಾಡೆಯ ಹತ್ತಿರ ಹೋದರು. ಮನೆಯೊಳಗೆ ಆಳೆತ್ತರಕ್ಕೆ ಮಣ್ಣಿನಿಂದ ಕಟ್ಟಿದ ಜೋಳದ ಪಾತ್ರೆ ಅದು. ಮುಚ್ಚಳ ತೆಗೆದು, ಗೋಡೆಗೆ ಒರಗಿಸಿಟ್ಟಿದ್ದ ಬೇವಿನ ಟೊಂಗೆಯನ್ನು ತಲೆಕೆಳಗು ಮಾಡಿ ಒಳಗೆ ಇಳಿಸಿ, ಮಜ್ಜಿಗೆ ಕಡೆಯುವವರಂತೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಮುಖ ಒಂದು ಕಡೆ ತಿರುಗಿಸಿಕೊಂಡು ಕೈ ಹಾಕಿದರು.

ವಾಡೆಯಲ್ಲಿ ಕೆಟ್ಟ ಗಾಳಿ ನಿಲ್ಲುವುದಿಲ್ಲ. ಯಾರೂ ಅಲ್ಲಿ ಸಾಯುವುದಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ಅವರು ಒಂದು ಉತ್ತರ ಹುಡುಕುತ್ತಿದ್ದರು, ಆ ಉತ್ತರ ಮರುದಿನವೇ ಕತೆಯಾಗುತ್ತಿತ್ತು. ಹೆಸರಿನ ಬಗ್ಗೆ ಜನ ಯೋಚನೆ ಮಾಡಿ ಮಾತಾಡುತ್ತಾರೆ, ಕೈ ಯೋಚನೆ ಮಾಡುವುದಿಲ್ಲ. ಇಲಕಲ್ಲಿನವರು ದೀಪ ಇಳಿಸುತ್ತಾರೆ. ಇವರ ಕೈ ಟೊಂಗೆ ಹಿಡಿಯುತ್ತದೆ.

ಟೊಂಗೆ ಆಡಿಸಿ ಕೆಟ್ಟ ಗಾಳಿ ಹೊರಗೆ ಹಾಕಿ ಹಗೇವು ತೆರೆಯುವುದನ್ನು ನಾನು ಕೆರೂರಿನ ಕಡೆಯ ಒಂದು ಹಳ್ಳಿಯಲ್ಲಿ ನೋಡಿದ್ದೆ. ಅಲ್ಲಿ ಈ ಕೆಲಸಕ್ಕೆ ಈಗ ಇಂಥದೇ ಮನೆ ಎಂದಿಲ್ಲ, ಯಾರು ಸಿಕ್ಕರೆ ಅವರು ಮಾಡುತ್ತಾರೆ. ಉತ್ಸಾಹದಲ್ಲಿ ಅಲ್ಲಿಗೆ ಹೋದವನೇ ನನ್ನ ಮೊದಲ ನಿಯಮವನ್ನು ಮುರಿದೆ. ಊರ ಬಾಗಿಲ ಅಗಸಿಯಲ್ಲಿ ಕೂತಿದ್ದ ಒಬ್ಬ ಮುದುಕರನ್ನು ಕೇಳಿಬಿಟ್ಟೆ: “ಇಲ್ಲಿಂದ ಹಗೇದವರು ಚೊಳಚಗುಡ್ಡಕ್ಕೆ ಹೋಗಿದ್ದರಲ್ಲ?”

“ಹೌದ್ರಿ, ಹೋಗಿದ್ರು,” ಎಂದರು ಅವರು ತಕ್ಷಣ.

ಬರೆದುಕೊಳ್ಳಲು ಹೊರಟೆ. ಆದರೆ ಆ ‘ತಕ್ಷಣ’ ಕಿವಿಗೆ ಚುಚ್ಚಿತು. ಪರೀಕ್ಷೆಗೆಂದು ಕೇಳಿದೆ: “ಇಬ್ಬರು ಅಣ್ಣತಮ್ಮಂದಿರು?”

“ಇಬ್ರು, ಹೌದ್ರಿ.”

“ಮೂವರು ಅಂತ ಕೇಳಿದ್ದೆ.”

“ಮೂರ ಮಂದಿನ ಇರಬೇಕ್ರಿ. ನಾ ಭಾಳ ಸಣ್ಣಾವಿದ್ದೆ.”

ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ. ಸರಕಾರದ ಮನುಷ್ಯ ಬಂದು ಕೇಳಿದ್ದಾನೆ, ಇಲ್ಲ ಎನ್ನುವುದು ಹೇಗೆ? ನಾನು ಬೇಕೆಂದರೆ ನಾಲ್ವರು ಅಣ್ಣತಮ್ಮಂದಿರನ್ನೂ ಒಂದು ಕರಿ ಹೋರಿಯನ್ನೂ ಅಲ್ಲಿಂದ ತರಬಹುದಿತ್ತು. ಇದ್ದ ಒಬ್ಬ ಸಾಕ್ಷಿಯನ್ನು ನಾನೇ ಕೆಡಿಸಿದ್ದೆ.

ಇಲಕಲ್ಲಿಗೆ ಮರಳುವ ದಾರಿಯಲ್ಲಿ ಬಂಡಿಯಲ್ಲಿ ಕೂತು ಒಂದು ನಿರ್ಧಾರಕ್ಕೆ ಬಂದೆ. ಹಿರಿಯರ ಮುಂದೆ ನಾನು ಯಾವ ಕತೆಯನ್ನೂ ಹೇಳುವುದಿಲ್ಲ. ಕೆರೂರಿನ ಕಡೆಯ ಮುದುಕರ ಮಾತು ಹೇಳಿದರೆ ಹುಡುಗಿಯ ಮದುವೆ ಆದೀತು. ಮುಂದಿನ ವರ್ಷ ಯಾರೋ ಒಬ್ಬರು ಇನ್ನೊಂದು ಹಾಡು ತಂದರೆ ಆ ಮದುವೆಯ ಬುಡ ಅಲ್ಲಾಡುತ್ತದೆ. ಹೇಳುವ ಬದಲು ತೋರಿಸಬೇಕು. ಯುಗಾದಿಯ ಮುಂಚೆ ಹಗೇವು ತೆರೆಯುವ ದಿನ, ಮೊದಲು ವರನ ತಂದೆಯೇ ಚಪ್ಪಡಿ ಸರಿಸಲಿ. ಯಾರೂ ಏನೂ ಹೇಳಿಕೊಡಬಾರದು. ಅವರ ಕೈಯೂ ದೀಪ ಹುಡುಕಿದರೆ ನಾನು ಸೋತೆ. ಸಕ್ಕರೆ ತಿರುಗಿ ಹೋಗಲಿ.

ಯಜಮಾನರು ಕೇಳಿದವರೇ ಸಿಡಿದರು. “ಏನ್ ಮಾತ ಹೇಳ್ತೀರಿ, ಸಾಹೇಬ್ರ? ನಮ್ಮ ಹಗೇವಿನ ಬಾಯಿಗಿ ಇವತ್ತಿನ ತನಕ ಬ್ಯಾರೇವ್ರು ಕೈ ಹಚ್ಚಿಲ್ಲ!”

ಒಳಗಿನಿಂದ ಅವರ ತಾಯಿ ಬಂದರು. “ಬ್ಯಾರೇವ್ರು ಆಗಿದ್ರ ಹುಡಿಗಿ ಕೊಡು. ನಮ್ಮವ್ರ ಆಗಿದ್ರ ಹಗೇವು ಮುಟ್ಟಲಿ. ಎರಡಕ್ಕೂ ಒಲ್ಲೆ ಅಂದ್ರ ಹೆಂಗೋ, ತಮ್ಮಾ?”

ಯಜಮಾನರು ಒಪ್ಪಿದರು. ಆ ಮನೆಯಲ್ಲಿ ತರ್ಕ ಮಾಡುವವರು ಇಬ್ಬರೇ, ಅಜ್ಜಿ ಮತ್ತು ಮೊಮ್ಮಗಳು.

ಆ ದಿನ ಬಂತು. ಹಿರಿಯರು ಕಂಬಳಿ ಹಾಸಿಕೊಂಡು ಕೂತರು. ಹೆಳವನನ್ನೂ ಕರೆಸಿದ್ದರು. ಯಜಮಾನರ ಕೈಯಲ್ಲಿ ದೀಪದ ಗಡಿಗೆ ಇರದಂತೆ ನಾನು ಮೊದಲೇ ಅದನ್ನು ಒಳಗೆ ಇಡಿಸಿದ್ದೆ. ಹಗ್ಗ ಮಾತ್ರ ಹಗೇವಿನ ಪಕ್ಕ ಸುತ್ತಿಟ್ಟಿತ್ತು. ಚೊಳಚಗುಡ್ಡದಿಂದ ಬಂದ ವರನ ತಂದೆಗೆ ಒಬ್ಬ ಹಿರಿಯರು, “ನೀವ ತಗೀರಿ, ನಿಮ್ಮ ಮನೀ ರೀತಿ ಹೆಂಗ ಐತಿ ಹಂಗ,” ಎಂದಷ್ಟೇ ಹೇಳಿದರು.

ಅವರು ಜೀವನದಲ್ಲಿ ಹಗೇವಿನ ಹತ್ತಿರ ನಿಂತವರಲ್ಲ. ನಾಚಿಕೊಂಡು ಬಂದು, ಮಣ್ಣು ಕೆರೆದು, ಇಬ್ಬರನ್ನು ಕರೆದು ಚಪ್ಪಡಿ ಸರಿಸಿದರು. ಒಳಗಿನಿಂದ ಹುಳಿ ವಾಸನೆಯ ಬಿಸಿ ಎದ್ದಿತು. ಹಿಂದೆ ಸರಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

ಅವರು ಬಲಗೈ ಪಕ್ಕಕ್ಕೆ ಚಾಚಿದರು, ಅಲ್ಲಿ ಗೋಡೆಯಿದೆ, ಗೋಡೆಗೆ ಏನೋ ಒರಗಿಸಿಟ್ಟಿದೆ ಎನ್ನುವ ಹಾಗೆ. ಗೋಡೆ ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು.

“ಟೊಂಗಿ ಎಲ್ಲೈತ್ರಿ?” ಎಂದರು.

ಯಾವ ಟೊಂಗೆ ಎಂದು ಒಬ್ಬ ಹಿರಿಯರು ಕೇಳಿದರು.

“ಬೇವಿನ ಟೊಂಗಿ. ಎಲಿ ದಟ್ಟ ಇರಬೇಕ.”

ಯಾರೋ ಓಡಿ ತಂದರು. ಅವರು ಬುಡಕ್ಕೆ ಹಗ್ಗ ಕಟ್ಟಿ, ತಲೆಕೆಳಗಾಗಿ ಇಳಿಸಿ, ಎತ್ತಿ, ಇಳಿಸಿ, ಎತ್ತಿ, ಹೆಂಡತಿ ವಾಡೆಯಲ್ಲಿ ಮಾಡಿದ ಹಾಗೆಯೇ ಮಾಡತೊಡಗಿದರು. ಒಬ್ಬ ಹಿರಿಯರು ತಡೆಯಲಾರದೆ ಕೇಳಿದರು: “ದೀಪಾ ಬ್ಯಾಡೇನ್ರಿ?”

“ದೀಪಾ ಯಾಕ್ರಿ? ಹಗಲ ಐತಲ್ಲ?”

ನಗೆ ಎದ್ದಿತು. ಆಮೇಲೆ ಯಜಮಾನರು ತಮ್ಮ ಸರದಿಗೆ ಗಡಿಗೆ ತರಿಸಿ ಹಣತೆ ಇಳಿಸಿದರು. ಮೊದಲ ಸಲಕ್ಕೇ ದೀಪ ಆರದೆ ನಿಂತಿತು. ಯಜಮಾನರು ಬಗ್ಗಿ ನೋಡಿದರು, ವರನ ತಂದೆಯ ಮುಖ ನೋಡಿದರು. “ಎಲಾ ಇವನ! ಟೊಂಗಿ ಕೆಲಸ ಮಾಡತೈತಿ!”

ಹಿರಿಯರ ನಡುವೆ ಮಾತು ಹತ್ತಿತು. ನಾನು ಕಾಳು ಅಂಟಿಸಿದ ನಕಾಶೆ ಹಾಸಿ, ಹೆಸರು ಎಲ್ಲೆಲ್ಲಿದೆ, ಎಂಥ ನೆಲದಲ್ಲಿದೆ, ಮಸೀದಿಯ ಹಿಂದಿನ ಮನೆಗೆ ಅದು ಹೇಗೆ ಬಂತು, ಎಲ್ಲ ಹೇಳಿದೆ. ಚೊಳಚಗುಡ್ಡದ ಮನೆ ಎಲ್ಲಿಂದ ಬಂತೆಂದು ನನಗೆ ತಿಳಿಯದು ಎಂಬುದನ್ನೂ ಹೇಳಿದೆ. ಒಬ್ಬರು, ರೀತಿ ಬದಲಾಗಿರಬಾರದೇ ಎಂದರು. ಆಗಿರಬಹುದು ಎಂದೆ.

ಎಲ್ಲರಿಗಿಂತ ಹಿರಿಯರಾಗಿದ್ದವರು ತಲೆ ಅಲ್ಲಾಡಿಸಿದರು. “ಉಡೂದು ಬದಲಾಗತೈತಿ, ಉಣ್ಣೂದು ಬದಲಾಗತೈತಿ. ಸಾವಿನ ಬಾಯಿಗಿ ಇಳಿಯೂ ಮುಂದ ಅಪ್ಪ ಕಲಿಸಿದ್ದನ್ನ ಯಾವ ಮಗಾ ಬಿಡತಾನೋ? ಇವು ಒಬ್ಬ ಅಪ್ಪನ ಮನಿ ಅಲ್ಲ.” ಹೆಳವನ ಕಡೆ ತಿರುಗಿದರು. “ನೀ ಏನಂತೀಯಪಾ?”

“ನಮ್ಮಪ್ಪ ಹೇಳಿದ್ದ ನಾ ಹೇಳೇ‌ನ್ರಿ,” ಎಂದ ಹೆಳವ, ಗಂಟೆಯ ನಾಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡು. “ಹಾಡಿನಾಗ ಟೊಂಗಿ ಇರಲಿಲ್ಲ.”

ಮದುವೆ ಯುಗಾದಿಯ ನಂತರ ಆಯಿತು. ನನಗೆ ರಜೆ ಸಿಗದೆ ಹೋಗಲಾಗಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಬಾದಾಮಿಯ ಕಡೆ ಕೆಲಸ ಬಿದ್ದು ಚೊಳಚಗುಡ್ಡದ ಆ ಮನೆಗೆ ಹೋದೆ. ಹುಡುಗಿ ಈಗ ಮನೆಯ ಸೊಸೆ. ನನ್ನನ್ನು ಕೂರಿಸಿ, ರೊಟ್ಟಿಗೆ ಜೋಳ ತೆಗೆಯಲು ಹೋದಳು. ನಾನು ನೋಡುತ್ತಿದ್ದೆ. ವಾಡೆಯ ಮುಚ್ಚಳ ತೆಗೆದಳು. ಟೊಂಗೆ ಇಳಿಸಿ ಆಡಿಸಿದಳು. ಆಮೇಲೆ ಗೋಡೆಯ ಗೂಡಿನಿಂದ ಹಣತೆ ತೆಗೆದು ಹಚ್ಚಿ, ವಾಡೆಯ ಬಾಯಿಗೆ ಹಿಡಿದು, ಉರಿ ಆರದೆ ನಿಂತಿತೆಂದು ಖಾತ್ರಿ ಮಾಡಿಕೊಂಡು ಕೈ ಹಾಕಿದಳು.

“ಎರಡೂ ಯಾಕವ್ವಾ?” ಎಂದೆ.

“ಅತ್ತಿ ಟೊಂಗಿ ಅಂತಾರ್ರಿ. ನನಗ ದೀಪಾ ನೋಡದ ಕೈ ಹಾಕಾಕ ಧೈರ್ಯ ಬರಂಗಿಲ್ಲ.”

“ಮುಂದೆ ನನ್ನಂಥವನೊಬ್ಬ ಬಂದು ನಿನ್ನ ಮಕ್ಕಳನ್ನು ನೋಡಿದರೆ, ಇಲಕಲ್ಲಿನವರೂ ಇವರೂ ಒಂದೇ ಮನೆ ಎಂದು ಬರೆದುಕೊಂಡು ಹೋಗುತ್ತಾನೆ.”

ಅವಳು ಹಣತೆ ಆರಿಸಿ ಗೂಡಿನಲ್ಲಿಟ್ಟಳು. “ಬರಕೊಳ್ಳಲಿ ಬಿಡ್ರಿ,” ಎಂದಳು. “ಅಷ್ಟೊತ್ತಿಗಿ ಅದು ಖರೇನ ಆಗಿರತೈತಿ.”